ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಮಂಗಳೂರಿನ ಸೈಕಲ್ ಗೆಳೆಯರೂ ಯುರೋಪಿನಲ್ಲಿ ಕೆಲಸಕ್ಕಿರುವ ಕನ್ನಡಿಗರೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ಒಂದೇ ಮಾತಿದೆ. ದಿನದ ಕಿಲೋಮೀಟರ್ ಕಡಿಮೆ ಮಾಡಿ, ಅಲ್ಲಿನ ಹಳ್ಳಿಗಳ ಸಮಯಕ್ಕೆ ನಿಮ್ಮ ದಿನವನ್ನು ಹೊಂದಿಸಿಕೊಳ್ಳಿ. ಅಷ್ಟು ಮಾಡಿದರೆ ಮಿಕ್ಕಿದ್ದೆಲ್ಲ ಸುಲಭ.

ನಾನು ವಾರಕ್ಕೊಮ್ಮೆ ಸೈಕಲ್ ಹೊಡೆಯುವವನು. ನನ್ನ ಕೈಯಲ್ಲಿ ಆಗುತ್ತಾ?

ಖಂಡಿತ ಆಗುತ್ತೆ. ನದಿ ಅಥವಾ ಕಾಲುವೆ ಪಕ್ಕದ ದಾರಿ ಆರಿಸಿಕೊಂಡರೆ ಏರು ತುಂಬ ಕಡಿಮೆ. ದಿನಕ್ಕೆ 40ರಿಂದ 60 ಕಿ.ಮೀ. ಸಾಕು. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ನೂರು ಕಿ.ಮೀ. ಹೊಡೆಯುವವರಿಗೆ ಇದು ತೀರಾ ಕಡಿಮೆ ಅನ್ನಿಸಬಹುದು. ಆದರೆ ಅಲ್ಲಿ ಸೈಕಲ್ ಮೇಲೆ ಸಾಮಾನು ಇರುತ್ತದೆ, ಮಧ್ಯೆ ಸಂತೆ ಸಿಗುತ್ತದೆ, ಹಳೇ ಚರ್ಚು ಸಿಗುತ್ತದೆ, ನದಿ ದಡದಲ್ಲಿ ಬೆಂಚು ಸಿಗುತ್ತದೆ. ನಿಲ್ಲೋಕೆ ಸಮಯ ಇಲ್ಲದಿದ್ದರೆ ಅಷ್ಟು ದೂರ ಹೋಗಿ ಏನು ಬಂತು?

ಹೊರಡುವ ಮೊದಲು ಕೆಲವು ವಾರಾಂತ್ಯ 12–15 ಕೆ.ಜಿ. ತೂಕ ಹೇರಿಕೊಂಡು ಓಡಿಸಿ ನೋಡಿ. ತೂಕ ಇದ್ದಾಗ ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ವಾಲುವುದು ಎರಡೂ ಬೇರೆ ಥರ. ಅಷ್ಟು ಅಭ್ಯಾಸ ಸಾಕು.

ಇಷ್ಟೊಂದು ದೇಶಗಳಿರುವಾಗ ಫ್ರಾನ್ಸೇ ಯಾಕೆ?

ಸಣ್ಣ ರಸ್ತೆಗಳಿಗಾಗಿ. ಫ್ರಾನ್ಸಿನಲ್ಲಿ ನಮ್ಮ ಪಂಚಾಯಿತಿ, ಪುರಸಭೆಗಳಂಥ ಸುಮಾರು 35 ಸಾವಿರ ಕೊಮ್ಯೂನ್‌ಗಳಿವೆ. ಬಹಳಷ್ಟು ಪುಟ್ಟ ಹಳ್ಳಿಗಳೇ. ಪ್ರತಿಯೊಂದಕ್ಕೂ ಪಕ್ಕದ ಹಳ್ಳಿಗಳಿಂದ ಡಾಂಬರು ರಸ್ತೆ ಇದೆ. ದೊಡ್ಡ ಗಾಡಿಗಳು ಹೆದ್ದಾರಿಯಲ್ಲಿ ಹೋಗುವುದರಿಂದ ಈ ರಸ್ತೆಗಳು ಹೆಚ್ಚು ಹೊತ್ತು ಖಾಲಿ ಇರುತ್ತವೆ.

ಇನ್ನೊಂದು ಕಾರಣ, ಅಲ್ಲಿನ ಜನಕ್ಕೆ ಸೈಕಲ್ ಪ್ರವಾಸಿ ಹೊಸಬನಲ್ಲ. ಪೌಲ್ ದ ವಿವಿ ಅನ್ನುವವರು (1853–1930) ಸೇಂತ್ ಎತಿಯೆನ್ ಊರಿನಲ್ಲಿದ್ದರು. ಜನ ಅವರನ್ನು ವೆಲೋಸಿಯೋ ಅಂತ ಕರೆಯುತ್ತಿದ್ದರು. ಸೈಕಲ್‌ಗೆ ಒಂದಕ್ಕಿಂತ ಹೆಚ್ಚು ಗೇರ್ ಇರಬೇಕು, ಆಗ ಸಾಮಾನ್ಯ ಜನರೂ ಬೆಟ್ಟ ಹತ್ತಬಹುದು ಅಂತ ಜೀವನವಿಡೀ ವಾದಿಸಿದರು. ಟೂರ್ ದ ಫ್ರಾನ್ಸ್ ರೇಸಿನಲ್ಲಿ ಡಿರೇಲರ್ ಗೇರಿಗೆ, ಅಂದರೆ ಓಡಿಸುತ್ತಲೇ ಚೈನನ್ನು ಬೇರೆ ಹಲ್ಲುಚಕ್ರಕ್ಕೆ ಸರಿಸುವ ಗೇರಿಗೆ, ಅನುಮತಿ ಸಿಕ್ಕಿದ್ದು 1937ರಲ್ಲಿ. ಅಂದರೆ ಪ್ರವಾಸಿಗಳು ರೇಸಿನವರಿಗಿಂತ ಎಷ್ಟೋ ಮುಂದಿದ್ದರು! ಹಸಿವಾಗುವ ಮೊದಲೇ ತಿನ್ನಿ, ಬಾಯಾರುವ ಮೊದಲೇ ಕುಡಿಯಿರಿ, ಸುಸ್ತಾಗುವ ಮೊದಲೇ ನಿಲ್ಲಿ ಅನ್ನುವ ಅವರ ಸಲಹೆ ಇವತ್ತಿಗೂ ಒಂದಕ್ಷರ ಬದಲಾಯಿಸಬೇಕಿಲ್ಲ.

1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಮೊದಲ ಸಲ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಸಿಕ್ಕಿತು. ಕಾರು ಇಲ್ಲದ ಸಾವಿರಾರು ಜನ ಸೈಕಲ್ ಮತ್ತು ಜೋಡಿ ಸೈಕಲ್ ಹತ್ತಿ ಹಳ್ಳಿ, ಸಮುದ್ರ ನೋಡಲು ಹೊರಟರು. ನಮ್ಮಲ್ಲಿ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸುವ ದೂರದ ಸವಾರಿ) ಓಡಿಸುವವರಿಗೆ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಗೊತ್ತೇ ಇರುತ್ತದೆ. 1891ರಲ್ಲಿ ಶುರುವಾದದ್ದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1,200 ಕಿ.ಮೀ. ಸವಾರಿ. ಕರ್ನಾಟಕದಿಂದಲೂ ಹೋಗಿ ಬಂದವರಿದ್ದಾರೆ. ಆ ದಾರಿಯಲ್ಲಿ ಹಳ್ಳಿಯವರು ಮನೆ ಮುಂದೆ ಮೇಜು ಹಾಕಿ, ನಡುರಾತ್ರಿಯಲ್ಲೂ ಸವಾರರಿಗೆ ಕಾಫಿ, ನೀರು ಕೊಡುತ್ತಾರೆ.

ಮೊದಲ ಸಲಕ್ಕೆ ಯಾವ ದಾರಿ?

ನನ್ನನ್ನು ಕೇಳಿದರೆ ಲುವಾರ್ ನದಿ. ಯೋಚನೆಯೇ ಬೇಡ. ಫ್ರಾನ್ಸಿನ ಅತಿ ಉದ್ದದ ನದಿ ಇದು, ಸಾವಿರ ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅದರ ಜೊತೆಗೇ ಹೋಗುವ 'ಲುವಾರ್ ಆ ವೆಲೋ' ಸೈಕಲ್ ದಾರಿ ನವೇರ್ ಊರಿನ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ ಸುಮಾರು 900 ಕಿ.ಮೀ. ಇದೆ. ಪೂರ್ತಿ ಮಾಡಬೇಕಿಲ್ಲ. ಒಂದು ವಾರ ಇದ್ದರೆ ಓರ್ಲಿಯಾನ್‌ನಿಂದ ಆಂಝೆವರೆಗೆ ಹೋಗಿ. ಶಾಂಬೋರ್ ಅರಮನೆ ಈ ದಾರಿಯಲ್ಲೇ ಸಿಗುತ್ತದೆ. ಅದರ ಕಾಡಿನ ಸುತ್ತ 32 ಕಿ.ಮೀ. ಉದ್ದದ ಗೋಡೆ ಇದೆ. ಬಸ್ಸಿನಲ್ಲಿ ಬಂದವರು ಅರಮನೆ ನೋಡಿ ಹೊರಡುತ್ತಾರೆ, ಸೈಕಲ್‌ನವರಿಗೆ ಆ ಕಾಡೂ ಸಿಗುತ್ತದೆ. ಮುಂದೆ ಅಂಬುವಾಝ್. ಲಿಯೊನಾರ್ಡೊ ಡ ವಿಂಚಿ 1519ರಲ್ಲಿ ತೀರಿಕೊಂಡದ್ದು ಇಲ್ಲೇ. ಆಮೇಲೆ ವಿಲಾಂದ್ರಿಯ ತೋಟಗಳು. ಸೋಮ್ಯೂರ್ ಹತ್ತಿರ ಬಿಳಿ ಸುಣ್ಣಕಲ್ಲಿನ ಬಂಡೆಯನ್ನೇ ಕೊರೆದು ಮಾಡಿದ ಮನೆಗಳಿವೆ. ಅರಮನೆ ಕಟ್ಟೋಕೆ ಕಲ್ಲು ತೆಗೆದ ಗಣಿಗಳೇ ಎಷ್ಟೋ ಕಡೆ ಮನೆ, ವೈನ್ ಉಗ್ರಾಣ, ಅಣಬೆ ಬೆಳೆಯುವ ಜಾಗ ಆಗಿವೆ.

ಎರಡನೆಯದು ದಕ್ಷಿಣದ ಕನಾಲ್ ದು ಮಿದಿ. ತುಲೂಝ್‌ನಿಂದ ಸೆತ್ ಹತ್ತಿರದ ಉಪ್ಪುನೀರಿನ ಸರೋವರದವರೆಗೆ 240 ಕಿ.ಮೀ. ಪಿಯೆರ್ ಪೌಲ್ ರಿಕೆ ಅನ್ನುವವರು 1666ರಲ್ಲಿ ಈ ಕಾಲುವೆಯ ಕೆಲಸ ಶುರು ಮಾಡಿಸಿದರು, 1681ರಲ್ಲಿ ಅದು ಮುಗಿಯಿತು. ಆದರೆ ಇಲ್ಲಿ ಒಂದು ಎಚ್ಚರಿಕೆ. ತುಲೂಝ್‌ನಿಂದ ಮೊದಲ 50 ಕಿ.ಮೀ. ಮಾತ್ರ ನಯವಾದ ದಾರಿ. ಆಮೇಲೆ ಹೆಚ್ಚಿನ ಕಡೆ ಮಣ್ಣು, ಮರದ ಬೇರು, ಅಲ್ಲಲ್ಲಿ ಕಲ್ಲು. ರೋಡ್ ಬೈಕಿನ ತೆಳು ಟೈರ್ ಬೇಡ. ಫೋಟೋದಲ್ಲಿ ಕಾಣುವ ಪ್ಲೇನ್ ಮರಗಳ ಸಾಲಿಗೆ 2006ರಿಂದ ಶಿಲೀಂಧ್ರ ರೋಗ ಹತ್ತಿ ಸಾವಿರಾರು ಮರ ಕಡಿದಿದ್ದಾರೆ, ಬದಲಿಗೆ ಬೇರೆ ಜಾತಿಯ ಗಿಡ ನೆಡುತ್ತಿದ್ದಾರೆ. ಹಾಗಾಗಿ ಕೆಲವು ಕಡೆ ನೆರಳೇ ಇಲ್ಲ. ಬೇಸಿಗೆಯಲ್ಲಿ ಹೋಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಕ್ಕಳಿದ್ದರೆ, ಅಥವಾ ಮೂರ್ನಾಲ್ಕೇ ದಿನ ಇದ್ದರೆ, ಬರ್ಗಂಡಿ. ಅಲ್ಲಿ ಝಿವ್ರಿಯಿಂದ ಕ್ಲೂನಿವರೆಗಿನ ಹಳೇ ರೈಲು ಹಳಿ ತೆಗೆದು 1997ರಲ್ಲಿ ಸೈಕಲ್ ದಾರಿ ಮಾಡಿದರು. ಫ್ರಾನ್ಸಿನ ಮೊದಲ ಹಸಿರು ದಾರಿ ಇದೇ. ಎರಡೂ ಕಡೆ ದ್ರಾಕ್ಷಿ ತೋಟ, ಒಂದೂ ಕಾರಿಲ್ಲ.

ಬೆಟ್ಟ ಹತ್ತುವ ಆಸೆ ಇದ್ದವರಿಗೆ ನಡು ಫ್ರಾನ್ಸಿನ ಕಾಂತಾಲ್ ಇದೆ. ಅದು ಎರಡನೇ ಪ್ರವಾಸಕ್ಕೆ ಇರಲಿ.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆ, ಜೂನ್, ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆ ಹತ್ತಿರ ಬರುವವರೆಗೂ ಬೆಳಕಿರುತ್ತದೆ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು ನೋಡಬಹುದು. ಜುಲೈ–ಆಗಸ್ಟ್‌ನಲ್ಲಿ ಫ್ರಾನ್ಸಿನವರೇ ರಜೆ ಹಾಕಿ ಹೊರಡುವುದರಿಂದ ಎಲ್ಲ ಕಡೆ ಜನ. ದಕ್ಷಿಣದಲ್ಲಿ ಬಿಸಿಲು ನಮ್ಮ ಕಲಬುರಗಿಯನ್ನು ನೆನಪಿಸುವಷ್ಟು ಏರುವ ದಿನಗಳೂ ಇರುತ್ತವೆ.

ಗಾಳಿಯನ್ನು ಮರೆಯಬೇಡಿ. ರೋನ್ ಕಣಿವೆಯಲ್ಲಿ ಮಿಸ್ತ್ರಾಲ್ ಅನ್ನುವ ಗಾಳಿ ಉತ್ತರದಿಂದ ಬೀಸುತ್ತದೆ. ಅಲ್ಲಿ ಉತ್ತರದಿಂದ ದಕ್ಷಿಣಕ್ಕೇ ಹೋಗಬೇಕು, ಉಲ್ಟಾ ಹೋದರೆ ಚಪ್ಪಟೆ ರಸ್ತೆಯೂ ಘಾಟಿ ಆಗುತ್ತದೆ. ಲುವಾರ್ ದಾರಿಯಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬರುತ್ತದೆ. ಅದಕ್ಕೇ ಕೆಲವರು ಸಮುದ್ರದ ಕಡೆಯಿಂದ ಶುರು ಮಾಡುತ್ತಾರೆ. ಒಂದೇ ವಾರದ ಪ್ರವಾಸಕ್ಕೆ ಇದು ಅಷ್ಟು ದೊಡ್ಡ ವಿಷಯವಲ್ಲ.

ವೀಸಾಗೆ ಟೆಂಟ್ ಪ್ರವಾಸ ಅಂದರೆ ಒಪ್ಪುತ್ತಾರಾ?

ಬೇಕಾದದ್ದು ಸಾಮಾನ್ಯ ಶೆಂಗೆನ್ ಪ್ರವಾಸಿ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಬೆಂಗಳೂರಿನಲ್ಲೇ ಅರ್ಜಿ ಹಾಕಬಹುದು, ಹೊರಡುವ ಆರು ತಿಂಗಳ ಮೊದಲಿನಿಂದಲೇ ತೆಗೆದುಕೊಳ್ಳುತ್ತಾರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅದರಲ್ಲಿ ಸೈಕಲ್ ಪ್ರವಾಸಕ್ಕೂ ರಕ್ಷಣೆ ಇದೆಯಾ ಅಂತ ಓದಿ ನೋಡಿ.

ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ದಾಖಲೆ ಕೊಡಬೇಕು. 'ಎಲ್ಲಾದರೂ ಟೆಂಟ್ ಹಾಕುತ್ತೇನೆ' ಅಂದರೆ ನಡೆಯುವುದಿಲ್ಲ. ಕ್ಯಾಂಪಿಂಗ್ ಜಾಗ ಅಥವಾ ಹೋಟೆಲ್ ಬುಕಿಂಗ್ ಪತ್ರಗಳನ್ನು ದಿನದ ಪ್ರಕಾರ ಜೋಡಿಸಿ, ಜೊತೆಗೆ ಸೈಕಲ್ ದಾರಿಯ ಒಂದು ಪುಟದ ವಿವರ ಇಡಿ. ಅಲ್ಲಿರುವ ಗೆಳೆಯರ ಮನೆಯಲ್ಲಿ ಉಳಿಯುವುದಾದರೆ ಅವರು ತಮ್ಮ ಊರಿನ ಪುರಸಭೆಯಿಂದ ಆತಿಥ್ಯ ಪತ್ರ ಮಾಡಿಸಿ ಕಳಿಸಬೇಕಾಗುತ್ತದೆ. ಜರ್ಮನಿ, ನೆದರ್ಲೆಂಡ್ಸ್‌ನಂಥ ಶೆಂಗೆನ್ ದೇಶದಲ್ಲಿ ವಾಸದ ಪರವಾನಗಿ ಇರುವವರಿಗೆ ಈ ವೀಸಾ ಅರ್ಜಿಯ ತಾಪತ್ರಯ ಇಲ್ಲ.

ಸೈಕಲ್ ಇಲ್ಲಿಂದ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ತಗೋಬೇಕಾ?

ಎರಡು ವಾರಕ್ಕಿಂತ ಕಡಿಮೆ ಇದ್ದರೆ ಬಾಡಿಗೆ. ಸಾಮಾನ್ಯ ಸೈಕಲ್‌ಗೆ ದಿನಕ್ಕೆ ಸುಮಾರು 15ರಿಂದ 25 ಯೂರೋ, ಬ್ಯಾಟರಿ ಸೈಕಲ್‌ಗೆ ಅದರ ಎರಡರಷ್ಟು. ಲುವಾರ್ ದಾರಿಯಲ್ಲಿ ಒಂದು ಊರಿನಲ್ಲಿ ತೆಗೆದುಕೊಂಡು ಇನ್ನೊಂದು ಊರಿನಲ್ಲಿ ಕೊಡುವ ಅನುಕೂಲ ಇದೆ. ಹೆಚ್ಚು ದಿನ ಇದ್ದರೆ ನಿಮ್ಮದೇ ಸೈಕಲ್ ಡಬ್ಬದಲ್ಲಿ ಪ್ಯಾಕ್ ಮಾಡಿ ಒಯ್ಯಿರಿ. ಹಳೇ ಸೀಟಿಗೆ ಒಗ್ಗಿದ ದೇಹಕ್ಕೆ ಹೊಸ ಸೀಟು ಕಷ್ಟ. ಬಾಡಿಗೆಗೆ ತೆಗೆದುಕೊಂಡರೂ ಸೀಟು ಮಾತ್ರ ನಿಮ್ಮದೇ ಒಯ್ಯುವುದು ಒಳ್ಳೆಯ ಉಪಾಯ.

ರೈಲಿನಲ್ಲಿ ಸೈಕಲ್ ಹತ್ತಿಸಬಹುದಾ?

ಹತ್ತಿಸಬಹುದು, ಆದರೆ ಯಾವ ರೈಲು ಅನ್ನುವುದರ ಮೇಲೆ ನಿಯಮ ಬದಲಾಗುತ್ತದೆ. ಟಿಇಆರ್ ಅನ್ನುವ ಪ್ರಾದೇಶಿಕ ರೈಲುಗಳಲ್ಲಿ ಸಾಮಾನ್ಯವಾಗಿ ಉಚಿತ. ಬೇಸಿಗೆಯಲ್ಲಿ ಕೆಲವು ಪ್ರಾಂತ್ಯಗಳು ಮುಂಗಡ ಕಾಯ್ದಿರಿಸಲು ಹೇಳುತ್ತವೆ. ವೇಗದ ಟಿಜಿವಿ ರೈಲುಗಳಲ್ಲಿ ಕೆಲವಕ್ಕೆ ಮಾತ್ರ ಸೈಕಲ್ ಜಾಗ ಇದೆ, ದುಡ್ಡು ಕೊಟ್ಟು ಮೊದಲೇ ಕಾಯ್ದಿರಿಸಬೇಕು. ಅದು ಸಿಗದಿದ್ದರೆ ಚಕ್ರ ಬಿಚ್ಚಿ 130 × 90 ಸೆಂ.ಮೀ. ಒಳಗಿನ ಚೀಲಕ್ಕೆ ತುಂಬಬೇಕು.

ಪ್ಯಾರಿಸ್‌ನ ದೊಡ್ಡ ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ರೈಲು ನಗರಕ್ಕೆ ಬರುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ, ಸಂಜೆ ಜನ ತುಂಬುವ ಹೊತ್ತಿನಲ್ಲಿ ಅದಕ್ಕೆ ಸೈಕಲ್ ಹತ್ತಿಸುವಂತಿಲ್ಲ. ಆಸ್ಟರ್‌ಲಿಟ್ಝ್ ನಿಲ್ದಾಣದಿಂದ ಓರ್ಲಿಯಾನ್‌ಗೆ ಒಂದು ಗಂಟೆಯ ಸುಮಾರು. ವಿಮಾನ ಇಳಿದ ದಿನವೇ ಪೆಡಲ್ ತುಳಿಯುವ ಯೋಜನೆ ಬೇಡ. ನಿದ್ದೆ ಮಾಡಿ.

ರಸ್ತೆಯಲ್ಲಿ ಕಾರುಗಳ ಕಾಟ ಎಷ್ಟು? ನಿಯಮಗಳೇನು?

ಹಳ್ಳಿ ರಸ್ತೆಯಲ್ಲಿ ಕಾರಿನವರು ತಾಳ್ಮೆಯಿಂದ ಹಿಂದೆಯೇ ಬಂದು, ಜಾಗ ಸಿಕ್ಕಾಗ ದೂರ ಸರಿದು ದಾಟುತ್ತಾರೆ. ಊರೊಳಗೆ 1 ಮೀಟರ್, ಊರ ಹೊರಗೆ ಒಂದೂವರೆ ಮೀಟರ್ ಅಂತರ ಬಿಡಬೇಕು ಅಂತ ಕಾನೂನೇ ಇದೆ. ಹಾರ್ನ್ ಸದ್ದೇ ಇಲ್ಲದ ರಸ್ತೆಗೆ ಹೊಂದಿಕೊಳ್ಳಲು ನಮಗೆ ಒಂದೆರಡು ದಿನ ಬೇಕು!

ಬಲಗಡೆ ಓಡಿಸಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ಬೆಳಿಗ್ಗೆ ಖಾಲಿ ರಸ್ತೆಗೆ ಇಳಿಯುವಾಗ ಮೈ ತಾನಾಗಿ ಎಡಕ್ಕೆ ಹೋಗುತ್ತದೆ. ಹೊರಡುವ ಮುಂಚೆ ಪ್ರತಿದಿನ ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಿ. ಇನ್ನೊಂದು, ಬಲದಿಂದ ಬರುವವರಿಗೆ ಮೊದಲ ಹಕ್ಕು. ಬೋರ್ಡ್ ಇಲ್ಲದ ಹಳ್ಳಿಯ ಕೂಡುರಸ್ತೆಯಲ್ಲಿ ಬಲಗಡೆಯ ಸಣ್ಣ ಗಲ್ಲಿಯಿಂದ ಬರುವ ಟ್ರ್ಯಾಕ್ಟರ್ ನಿಮಗಾಗಿ ನಿಲ್ಲಬೇಕಿಲ್ಲ, ನೀವೇ ನಿಲ್ಲಬೇಕು. ನಮ್ಮವರಿಗೆ ತೀರಾ ಹೊಸದಾದ ನಿಯಮ ಇದೇ, ಅಪಾಯವೂ ಇಲ್ಲೇ ಜಾಸ್ತಿ.

12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಾನೂನಿಲ್ಲ, ಆದರೂ ಹಾಕಿ. ಊರ ಹೊರಗೆ ಕತ್ತಲಾದಾಗ ಅಥವಾ ಮಂಜು ಕವಿದಾಗ ಹೊಳೆಯುವ ಜಾಕೆಟ್ ಬೇಕು. ಬೆಲ್, ದೀಪ ಇರಬೇಕು. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ. ಕುಡಿದು ಓಡಿಸುವ ಮಿತಿ ಸೈಕಲ್‌ಗೂ ಅನ್ವಯಿಸುತ್ತದೆ. ವೈನ್ ತೋಟಗಳ ನಡುವೆ ಹೋಗುವವರು ಇದನ್ನು ನೆನಪಿಡಬೇಕು.

ದಾರಿ ತಪ್ಪದೆ ಹೋಗುವುದು ಹೇಗೆ?

ರಸ್ತೆಯ ಹೆಸರಿನ ಮೊದಲ ಅಕ್ಷರ ನೋಡಿ. ಎ ಅಂದರೆ ಹೆದ್ದಾರಿ, ಸೈಕಲ್‌ಗೆ ಪ್ರವೇಶವಿಲ್ಲ. ಎನ್ ರಸ್ತೆಗಳಲ್ಲಿ ಲಾರಿಗಳು ಜಾಸ್ತಿ. ಡಿ ರಸ್ತೆಗಳು ನಮ್ಮವು. ಅವುಗಳಲ್ಲೂ ನಗರದಿಂದ ನಗರಕ್ಕೆ ಹೋಗುವ ಅಗಲವಾದವನ್ನು ಬಿಟ್ಟು ಕಿರಿದಾದವನ್ನು ಆರಿಸಿ.

ಫೋನಿನ ಮ್ಯಾಪ್ ಸಾಕು ಅನ್ನುವವರಿಗೂ ನಾನು ಮಿಶೆಲಿನ್ ಕಂಪನಿಯ ಕಾಗದದ ನಕ್ಷೆ ತಗೊಳ್ಳಿ ಅನ್ನುತ್ತೇನೆ. ಅದರಲ್ಲಿ ಪಕ್ಕದಲ್ಲಿ ಹಸಿರು ಗೆರೆ ಇರುವ ರಸ್ತೆ ಅಂದರೆ ನೋಟ ಚೆನ್ನಾಗಿದೆ ಅಂತ. ರಸ್ತೆ ಮೇಲೆ ಬಾಣದ ಗುರುತಿದ್ದರೆ ಏರು. ಒಂದು ಬಾಣ ಅಂದರೆ ಶೇ. 5ರಿಂದ 9, ಎರಡು ಅಂದರೆ 9ರಿಂದ 13, ಮೂರು ಅಂದರೆ ಅದಕ್ಕಿಂತ ಹೆಚ್ಚು. ಸಂಜೆ ಟೆಂಟಿನ ಮುಂದೆ ನಕ್ಷೆ ಹರಡಿಕೊಂಡು ನಾಳೆಯ ಹಸಿರು ಗೆರೆ ಹುಡುಕುವ ಖುಷಿ ಫೋನಿನಲ್ಲಿ ಸಿಗುವುದಿಲ್ಲ.

ರಾತ್ರಿ ಎಲ್ಲಿ ಉಳಿಯುವುದು?

ಪುರಸಭೆಗಳು ನಡೆಸುವ ಕ್ಯಾಂಪಿಂಗ್ ಜಾಗಗಳನ್ನು ನಾನು ಮನಸಾರೆ ಹೊಗಳುತ್ತೇನೆ. ಎಷ್ಟೋ ಸಣ್ಣ ಊರುಗಳಲ್ಲಿ ನದಿ ದಡದಲ್ಲೇ ಇರುತ್ತವೆ. ಹುಲ್ಲು, ನೆರಳು, ಬಿಸಿನೀರಿನ ಸ್ನಾನ. ಒಬ್ಬರಿಗೆ ಒಂದು ಟೆಂಟಿಗೆ ಸುಮಾರು 10ರಿಂದ 15 ಯೂರೋ. ಕಚೇರಿ ಮುಚ್ಚಿದ್ದರೆ ಟೆಂಟ್ ಹಾಕಿಕೊಳ್ಳಿ, ಬೆಳಿಗ್ಗೆಯೋ ಸಂಜೆಯೋ ಯಾರಾದರೂ ಬಂದು ದುಡ್ಡು ತೆಗೆದುಕೊಳ್ಳುತ್ತಾರೆ. ಇವುಗಳಲ್ಲಿ ಬಹಳಷ್ಟು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತವೆ. ಆ ತಿಂಗಳು ಹೋಗುವವರು ಮೊದಲೇ ವಿಚಾರಿಸಬೇಕು.

ಟೆಂಟ್ ಬೇಡ ಅನ್ನುವವರಿಗೆ ಮನೆಯವರೇ ಕೋಣೆ, ಬೆಳಗಿನ ತಿಂಡಿ ಕೊಡುವ 'ಶಾಂಬ್ರ್ ದೋತ್'ಗಳಿವೆ. ಇಬ್ಬರಿಗೆ ಸುಮಾರು 70ರಿಂದ 100 ಯೂರೋ. 'ಅಕೈ ವೆಲೋ' ಅನ್ನುವ ಫಲಕ ಇದ್ದರೆ ಸೈಕಲ್ ಭದ್ರವಾಗಿಡಲು ಜಾಗ, ರಿಪೇರಿ ಸಲಕರಣೆ ಇರುತ್ತದೆ. ಸೈಕಲ್ ಪ್ರವಾಸಿಗಳೇ ಒಬ್ಬರಿಗೊಬ್ಬರು ಮನೆಯಲ್ಲಿ ಜಾಗ ಕೊಡುವ ವಾರ್ಮ್‌ಶವರ್ಸ್ ಬಳಗವೂ ಫ್ರಾನ್ಸಿನಲ್ಲಿ ಚೆನ್ನಾಗಿ ನಡೆಯುತ್ತದೆ.

ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಸಮುದ್ರ ತೀರ, ರಕ್ಷಿತ ಸ್ಮಾರಕದ ಸುತ್ತಮುತ್ತ ನಿಷೇಧ. ಹೊಲದವರನ್ನು ಕೇಳಿದರೆ ಹೆಚ್ಚಾಗಿ ಒಪ್ಪುತ್ತಾರೆ.

ಊಟಕ್ಕೆ ಏನು ಗತಿ? ಹಳ್ಳಿಯಲ್ಲಿ ಅಂಗಡಿಗಳೇ ಮುಚ್ಚಿರುತ್ತವಂತೆ?

ನಿಜ. ಈ ಪ್ರವಾಸದಲ್ಲಿ ಕಾಡುವುದು ಬೆಟ್ಟವಲ್ಲ, ಮುಚ್ಚಿದ ಬಾಗಿಲು. ಬೇಕರಿ ಬೆಳಿಗ್ಗೆ ಏಳಕ್ಕೆಲ್ಲ ತೆರೆಯುತ್ತದೆ. ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ದಿನಸಿ ಅಂಗಡಿಯೂ ಸೇರಿ ಎಲ್ಲ ಮುಚ್ಚಿ, ಎರಡೂವರೆ–ಮೂರಕ್ಕೆ ಮತ್ತೆ ತೆರೆಯುತ್ತವೆ. ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಒಂದೂವರೆ ಒಳಗೆ. ಎರಡು ಗಂಟೆಗೆ ಹೋದರೆ ಕಾಫಿ ಸಿಗಬಹುದು, ಊಟ ಸಿಗುವುದಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿ ಪೂರ್ತಿ ಮೌನ. ಸೋಮವಾರ ಎಷ್ಟೋ ಬೇಕರಿ, ಹೋಟೆಲುಗಳಿಗೆ ವಾರದ ರಜೆ. ಮೇ ತಿಂಗಳಲ್ಲಿ ಸರ್ಕಾರಿ ರಜೆಗಳು ಸಾಲಾಗಿ ಬರುತ್ತವೆ, ಮೇ 1ರಂದು ಬಹುತೇಕ ಎಲ್ಲ ಬಂದ್.

ಹಾಗಾಗಿ ಬೆಳಿಗ್ಗೆ ಹೊರಡುವಾಗಲೇ ಮಧ್ಯಾಹ್ನದ ಬ್ರೆಡ್, ಹಣ್ಣು, ಚೀಸ್ ಚೀಲದಲ್ಲಿರಲಿ. ಶನಿವಾರ ಸಂಜೆ ಸೋಮವಾರದವರೆಗಿನ ಸಾಮಾನು ತಗೊಳ್ಳಿ. ಇದನ್ನು ಕಷ್ಟ ಅಂತ ನೋಡಬೇಡಿ. ಆ ಊರಿನವರು ಊಟಕ್ಕೆ ಕೂತ ಹೊತ್ತಿಗೆ ನೀವೂ ಮರದಡಿ ಕೂತು ತಿಂದು, ಒಂದು ಗಂಟೆ ಕಾಲು ಚಾಚಿ ಮಲಗಿದರೆ ಸಂಜೆಯ ಸವಾರಿಗೆ ಹೊಸ ಶಕ್ತಿ ಬರುತ್ತದೆ. ಬೇಕರಿ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ರೆಡ್ ಕೊಡುವ ಯಂತ್ರ ಇಟ್ಟಿದ್ದಾರೆ, ನಾಣ್ಯ ಜೇಬಿನಲ್ಲಿರಲಿ. ಅಂಗಡಿಯಲ್ಲಿ 'ಬಗೆತ್ ದ ತ್ರಾದಿಸ್ಯೋಂ' (ಸಾಂಪ್ರದಾಯಿಕ ಉದ್ದನೆಯ ಬ್ರೆಡ್) ಅಂತ ಕೇಳಿ ತಗೊಳ್ಳಿ. 1993ರ ಕಾನೂನಿನ ಪ್ರಕಾರ ಅದನ್ನು ಫ್ರೀಜ್ ಮಾಡದೆ, ರಾಸಾಯನಿಕ ಸೇರಿಸದೆ ಮಾಡಬೇಕು. ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಬದುಕಬಹುದಾ?

ಬದುಕಬಹುದು, ಆದರೆ ಹಳ್ಳಿ ಹೋಟೆಲನ್ನು ನಂಬಿ ಅಲ್ಲ. ಸಲಾಡ್ ಅಂದರೂ ಹಂದಿ ಮಾಂಸದ ಚೂರು ಹಾಕಿರುತ್ತಾರೆ, ಬೇಳೆ ಬೇಯಿಸುವಾಗಲೂ ಹಾಕುತ್ತಾರೆ. ತರಕಾರಿ ಸೂಪಿಗೆ ಮಾಂಸದ ರಸ ಇರಬಹುದು. ಆಲಿವ್ ಚಟ್ನಿಯಂತೆ ಕಾಣುವ ತಪನಾದ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. 'ಸಾನ್ ವ್ಯಾಂದ್, ಸಾನ್ ಪ್ವಾಸೋಂ' ಅಂತ, ಅಂದರೆ ಮಾಂಸ ಬೇಡ, ಮೀನು ಬೇಡ ಅಂತ, ಒಂದೊಂದೂ ಬಿಡಿಸಿ ಹೇಳಬೇಕು. ಮೊಟ್ಟೆ ತಿನ್ನುವವರಿಗೆ ಆಮ್ಲೆಟ್ ಎಲ್ಲ ಕಡೆ ಸಿಗುತ್ತದೆ. ಬ್ರಿಟಾನಿಯಲ್ಲಿ ಬಕ್‌ವೀಟ್ ಹಿಟ್ಟಿನ ಗಲೆತ್, ನೋಡಲು ತೆಳು ದೋಸೆಯೇ.

ಚೀಸ್ ಬಗ್ಗೆ ಒಂದು ಮಾತು. ಲುವಾರ್ ಕಣಿವೆಯ ಮೇಕೆ ಹಾಲಿನ ಚೀಸುಗಳು, ಸೇಂತ್ ಮೋರ್, ವಲಾಂಸೆ, ಸೆಲ್ ಸ್ಯುರ್ ಶೇರ್, ಬಹಳ ಹೆಸರುವಾಸಿ. ಆದರೆ ಸಾಂಪ್ರದಾಯಿಕ ಚೀಸಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಹಾಕುತ್ತಾರೆ. ಕಟ್ಟುನಿಟ್ಟಿನವರು ಇದನ್ನು ತಿಳಿದಿರಬೇಕು.

ಸಣ್ಣ ಸ್ಟೋವ್ ಇದ್ದರೆ ಸಮಸ್ಯೆಯೇ ಇಲ್ಲ. ಅಕ್ಕಿ, ಡಬ್ಬದ ಕಡಲೆಕಾಳು, ಬೇಳೆ, ರವೆಯಂಥ ಕೂಸ್ಕೂಸ್ ಎಲ್ಲ ಅಂಗಡಿಯಲ್ಲೂ ಇವೆ. ಊರಿಂದ ಚಟ್ನಿಪುಡಿ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡಾದಂಥ ಹಾಲಿನ ಪದಾರ್ಥ ಮತ್ತು ಹಸಿ ಕರಿಬೇವು ಯುರೋಪಿನೊಳಗೆ ಒಯ್ಯುವಂತಿಲ್ಲ. ಗ್ಯಾಸ್ ಡಬ್ಬ ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಹಳ್ಳಿ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಒತ್ತಿ ಕೂರಿಸುವ ಬಗೆಯದು. ತಿರುಪಿನ ಬಗೆಯದು ಬೇಕಾದರೆ ದೊಡ್ಡ ಊರಿನ ಡೆಕಾಥ್ಲಾನ್‌ಗೆ ಹೋಗಿ.

ಕುಡಿಯುವ ನೀರು?

ಹಳ್ಳಿಯ ಸ್ಮಶಾನದಲ್ಲಿ! ಸಮಾಧಿಯ ಹೂಗಿಡಗಳಿಗೆ ಹಾಕಲು ಬಾಗಿಲ ಹತ್ತಿರವೇ ನಲ್ಲಿ ಇರುತ್ತದೆ. ಫ್ರಾನ್ಸಿನ ಸೈಕಲ್ ಪ್ರವಾಸಿಗಳೆಲ್ಲ ಬಾಟಲಿ ತುಂಬಿಸುವುದು ಅಲ್ಲೇ. 'ಓ ನೋಂ ಪೊತಾಬ್ಲ್' ಅಂತ ಬರೆದಿದ್ದರೆ ಕುಡಿಯಬೇಡಿ. ಸದ್ದು ಮಾಡದೆ ಹೋಗಿ ತುಂಬಿಸಿಕೊಂಡು ಬನ್ನಿ.

ಫ್ರೆಂಚ್ ಬರುವುದಿಲ್ಲ. ಇಂಗ್ಲಿಷ್ ನಡೆಯುತ್ತಾ?

ಹಳ್ಳಿಗಳಲ್ಲಿ ಕಡಿಮೆ. ಆದರೆ ಅಂಗಡಿಗೆ ಕಾಲಿಟ್ಟ ಕೂಡಲೇ 'ಬೋಂಜೂರ್' ಅನ್ನಬೇಕು, ಆಮೇಲೆ ಬೇಕಾದ್ದು ಕೇಳಬೇಕು. ಅದನ್ನು ಹೇಳದೆ ನೇರವಾಗಿ ಬ್ರೆಡ್ ಕೇಳುವುದು ಅಲ್ಲಿ ಒರಟುತನ. ಫ್ರಾನ್ಸಿನವರು ಸಿಡುಕರು ಅಂತ ದೂರುವ ಎಷ್ಟೋ ಜನ ಈ ಒಂದು ಮಾತನ್ನು ಬಿಟ್ಟಿರುತ್ತಾರೆ. ಹೊರಡುವಾಗ 'ಮೆರ್ಸಿ, ಓ ರವ್ವಾರ್', ಅಂದರೆ ಧನ್ಯವಾದ, ಬರ್ತೀನಿ. ಮಿಕ್ಕಿದ್ದಕ್ಕೆ ಫೋನಿನ ಅನುವಾದ ಇದೆ. ಸಾಮಾನು ಹೇರಿದ ಸೈಕಲ್ ನೋಡಿದರೆ ಅಜ್ಜ–ಅಜ್ಜಿಯರು ತಾವೇ ಬಂದು ಮಾತಾಡಿಸುತ್ತಾರೆ.

ದಿನಕ್ಕೆ ಎಷ್ಟು ಖರ್ಚು?

ಟೆಂಟ್, ಸ್ವಂತ ಅಡುಗೆ ಆದರೆ ಒಬ್ಬರಿಗೆ ಸುಮಾರು 30ರಿಂದ 40 ಯೂರೋದಲ್ಲಿ ಆಗುತ್ತದೆ. ಕೋಣೆ, ಒಂದು ಹೋಟೆಲ್ ಊಟ ಅಂದರೆ 80 ದಾಟುತ್ತದೆ. ಹೋಟೆಲ್ ಊಟ ಮಧ್ಯಾಹ್ನವೇ ಮಾಡಿ, 15–20 ಯೂರೋಗೆ ಆ ದಿನದ ವಿಶೇಷ ಊಟ ಸಿಗುತ್ತದೆ. ರಾತ್ರಿ ಅದಕ್ಕಿಂತ ದುಬಾರಿ.

ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ?

ಹೋಗಬಹುದು, ಎಷ್ಟೋ ಜನ ಹೋಗುತ್ತಾರೆ. ಲುವಾರ್ ದಾರಿಯ ಕ್ಯಾಂಪಿಂಗ್‌ಗಳಲ್ಲಿ ಕುಟುಂಬಗಳೇ ಹೆಚ್ಚು. ಅಂಥ ಕುಟುಂಬದ ಪಕ್ಕ ಟೆಂಟ್ ಹಾಕಿ, ಕತ್ತಲಾಗುವ ಮುಂಚೆ ಊರು ಸೇರಿ, ಮನೆಯವರಿಗೆ ದಿನಾ ಇರುವ ಜಾಗ ಕಳಿಸಿ. ನಡು ಫ್ರಾನ್ಸಿನ ಬೆಟ್ಟಗಳಲ್ಲಿ ಫೋನ್ ಸಿಗ್ನಲ್ ಹೋಗಿ ಬಂದು ಮಾಡುತ್ತದೆ, ಮನೆಯವರಿಗೆ ಅದನ್ನೂ ಮೊದಲೇ ಹೇಳಿಡಿ.

ಸೈಕಲ್ ಕೆಟ್ಟರೆ, ಅಥವಾ ಆರೋಗ್ಯ ಕೆಟ್ಟರೆ?

ಹಳ್ಳಿಗಳಲ್ಲಿ ಸೈಕಲ್ ಶಾಪ್ ಇರುವುದು ಅಪರೂಪ. ಸಂತೆ ನಡೆಯುವ ಊರುಗಳಲ್ಲಿ ಸಿಗುತ್ತದೆ, ಅವೂ ಸೋಮವಾರ ಮುಚ್ಚಿರಬಹುದು. ಎರಡು ಟ್ಯೂಬ್, ಪ್ಯಾಚ್, ಪಂಪ್, ಚೈನ್ ಜೋಡಿಸುವ ಕೊಂಡಿ, ಬ್ರೇಕ್ ಪ್ಯಾಡ್, ಅಲೆನ್ ಕೀ ಜೊತೆಗಿರಲಿ.

ಸಣ್ಣಪುಟ್ಟ ತೊಂದರೆಗೆ ಹಸಿರು ಶಿಲುಬೆಯ ಔಷಧಿ ಅಂಗಡಿಗೆ ಹೋಗಿ, ಅಲ್ಲಿನವರು ಒಳ್ಳೆಯ ಸಲಹೆ ಕೊಡುತ್ತಾರೆ. ಭಾನುವಾರ ಸರದಿಯ ಮೇಲೆ ಒಂದು ಅಂಗಡಿ ತೆರೆದಿರುತ್ತದೆ, ಮುಚ್ಚಿದ ಅಂಗಡಿಯ ಬಾಗಿಲಿನಲ್ಲಿ ಅದರ ಮಾಹಿತಿ ಅಂಟಿಸಿರುತ್ತಾರೆ. ಎತ್ತರದ ಹುಲ್ಲಿನಲ್ಲಿ ಕೂತು ಎದ್ದರೆ ಸಂಜೆ ಕಾಲು, ಮೊಣಕಾಲ ಹಿಂದೆ ಉಣುಗು ಹುಳ (ಟಿಕ್) ಹತ್ತಿದೆಯಾ ನೋಡಿಕೊಳ್ಳಿ. ಅದರಿಂದ ಲೈಮ್ ರೋಗ ಬರಬಹುದು. ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ತುರ್ತಿಗೆ 112, ಆಂಬುಲೆನ್ಸಿಗೆ 15. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನಲ್ಲಿ ರಸ್ತೆಯ ಸಂಖ್ಯೆ ಇರುತ್ತದೆ. ಫೋನ್ ಮಾಡಿದಾಗ ಅದನ್ನು ಓದಿ ಹೇಳಿದರೆ ಅವರಿಗೆ ನೀವಿರುವ ಜಾಗ ಬೇಗ ಸಿಗುತ್ತದೆ.